ಬಿಪಿ ಮಾತ್ರೆ ಶುರುವಾದ ಮೇಲೆ ತಲೆ ಮಂಕಾಗಿದ್ರೆ ಹೀಗೆ ಮಾಡಿ

ಬಿಪಿ ಮಾತ್ರೆ ಶುರುವಾದ ಮೇಲೆ ಅಪ್ಪ ಸರಿ ಮಾತೇ ಆಡೋದಿಲ್ಲ, ಅಮ್ಮನಿಗೆ ಮರೆವು ಜಾಸ್ತಿ ಆಗಿದೆ ಅಂತ ನಮ್ಮ ಮಂಗಳೂರು ಕಡೆ ಸುಮಾರು ಮನೆಗಳಲ್ಲಿ ಹೇಳೋದುಂಟು. ಕೆಲವರು ಪ್ರಾಯ ಆಯ್ತಲ್ಲ ಅಂತ ಸುಮ್ಮನಾಗ್ತಾರೆ, ಕೆಲವರು ಮಾತ್ರೆಯನ್ನೇ ಬಿಟ್ಟುಬಿಡ್ತಾರೆ. ಎರಡೂ ಬೇಡ ಮಾರಾಯ್ರೆ.

ಮೊದಲು ಸ್ಟ್ರಿಪ್ ತಿರುಗಿಸಿ ಒಳಗಿರುವ ಮದ್ದಿನ ಹೆಸರು ಓದಿ. ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ಅಂದ್ರೆ ಬೀಟಾ ಬ್ಲಾಕರ್ (ಎದೆಬಡಿತ ನಿಧಾನ ಮಾಡುವ ಜಾತಿಯ ಮದ್ದು), ಇವು ಮೆದುಳಿಗೂ ಹೋಗ್ತವೆ, ಹಾಗಾಗಿ ಕೆಲವರಿಗೆ ಸುಸ್ತು, ಕೆಟ್ಟ ಕನಸು. ಡಿಪ್ರೆಶನ್ ಬರ್ತದೆ ಅಂತ ಮೊದಲು ಜೋರಾಗಿ ಹೇಳ್ತಿದ್ರು, ಈಚಿನ ಅಧ್ಯಯನಗಳಲ್ಲಿ ಅದಕ್ಕೆ ಅಷ್ಟು ಆಧಾರ ಸಿಕ್ಕಿಲ್ಲ. ಕ್ಲೊನಿಡಿನ್, ಮೀಥೈಲ್‌ಡೋಪದಲ್ಲಿ ತೂಕಡಿಕೆ ಜಾಸ್ತಿ. ಟೆಲ್ಮಿಸಾರ್ಟನ್, ಆಮ್ಲೊಡಿಪಿನ್ ಮಾತ್ರ ಇದ್ರೆ ಮೊದಲು ಬೇರೆ ಕಾರಣ ಹುಡುಕಿ.

ಮಾತ್ರೆ ಹೆಸರಿನ ಕೊನೆಗೆ ಎಚ್ (H) ಅಥವಾ ಸಿಟಿ (CT) ಅಂತ ಉಂಟಾ? ಹೆಚ್ಚಾಗಿ ಅದರಲ್ಲಿ ಮೂತ್ರ ಹೋಗಿಸುವ ಮದ್ದೂ ಸೇರಿರ್ತದೆ. ನಮ್ಮ ಊರಿನವರು ಜಾಸ್ತಿ ಗಮನ ಕೊಡಬೇಕಾದ್ದು ಇಲ್ಲೇ. ಏಪ್ರಿಲ್-ಮೇ ಸೆಕೆಯಲ್ಲಿ ಬೆವರು ಇಳಿದು ಹೋಗ್ತಾ ಇರ್ತದೆ, ಬಿಪಿ ಅಂತ ಗಂಜಿಗೆ ಉಪ್ಪಿಲ್ಲ ಉಪ್ಪಿನಕಾಯಿಯೂ ಇಲ್ಲ, ಮೇಲಿಂದ ಚೊಂಬುಗಟ್ಟಲೆ ನೀರು, ಇದೆಲ್ಲ ಸೇರಿ ರಕ್ತದಲ್ಲಿ ಸೋಡಿಯಂ ಇಳೀತದೆ. ಪ್ರಾಯದವರಲ್ಲಿ ಅದು ಮೊದಲು ಕಾಣೋದೇ ಮಂಕು, ಗಲಿಬಿಲಿ, ನಡೆಯುವಾಗ ತೂರಾಟ ಆಗಿ. ಡಾಕ್ಟರಲ್ಲಿ ಕೇಳಿ ಎಲೆಕ್ಟ್ರೊಲೈಟ್ ಟೆಸ್ಟ್ (ರಕ್ತದ ಲವಣಗಳ ಟೆಸ್ಟ್) ಮಾಡಿಸಿ, ಸೋಡಿಯಂ ಸಾಮಾನ್ಯವಾಗಿ 135ರಿಂದ 145ರ ಒಳಗೆ ಇರಬೇಕು. ವಾಂತಿ ಆಗ್ತಿದ್ರೆ, ಎಬ್ಬಿಸಿದ್ರೂ ಸರಿ ಏಳದಿದ್ರೆ ಟೆಸ್ಟಿಗೆ ಕಾಯಬೇಡಿ, ಸೀದಾ ಆಸ್ಪತ್ರೆಗೆ.

ಆಮೇಲೆ ಮನೆಯ ಮಿಷನ್‌ನಲ್ಲಿ 5 ನಿಮಿಷ ಕೂತು ಬಿಪಿ ನೋಡಿ, ಎದ್ದು ನಿಂತು 1 ನಿಮಿಷಕ್ಕೆ, 3 ನಿಮಿಷಕ್ಕೆ ಪುನಃ ನೋಡಿ. ಮೇಲಿನ ನಂಬರ್ 20 ಅಥವಾ ಜಾಸ್ತಿ ಇಳಿದ್ರೆ ಬರೆದಿಟ್ಟುಕೊಳ್ಳಿ, ಡೋಸ್ ಜಾಸ್ತಿ ಆಗಿರಬಹುದು.

ಮಾತ್ರೆ ಮಾತ್ರ ನೀವೇ ನಿಲ್ಲಿಸಬೇಡಿ. ಕ್ಲೊನಿಡಿನ್, ಬೀಟಾ ಬ್ಲಾಕರ್ ಒಮ್ಮೆಲೇ ಬಿಟ್ರೆ ಬಿಪಿ ಏಕ್ದಂ ಏರಬಹುದು, ಹಾರ್ಟ್ ತೊಂದರೆ ಇದ್ದವರಿಗೆ ಅಟ್ಯಾಕ್ ಕೂಡ ಆಗಬಹುದು. ಅಲ್ಲದೆ ಜಾಸ್ತಿ ಬಿಪಿಯೇ ನೆನಪಿನ ಶಕ್ತಿಯನ್ನು ತಿನ್ನೋದು, 2019ರಲ್ಲಿ ಬಂದ ಸ್ಪ್ರಿಂಟ್ ಮೈಂಡ್ ಅಧ್ಯಯನದಲ್ಲಿ ಬಿಪಿಯ ಮೇಲಿನ ನಂಬರನ್ನು 120ರ ಕೆಳಗೆ ಇಡುವ ಗುರಿಯಲ್ಲಿ ಮದ್ದು ತಗೊಂಡವರಿಗೆ 140ರ ಗುರಿಯವರಿಗಿಂತ ಆರಂಭದ ಮರೆವಿನ ತೊಂದರೆ ಕಮ್ಮಿ ಬಂತು.

ಡಾಕ್ಟರ ಹತ್ರ "ಮೂಡ್ ಸರಿ ಇಲ್ಲ" ಅಂತಷ್ಟೇ ಹೇಳಬೇಡಿ, ಮಾತ್ರೆ ಶುರುವಾದ ತಾರೀಕು, ಡೋಸ್ ಬದಲಾದ ತಾರೀಕು, ಮಂಕು ಶುರುವಾದ ತಾರೀಕು ಮೂರನ್ನೂ ಒಂದೇ ಚೀಟಿಯಲ್ಲಿ ಬರೆದು, ನಿದ್ದೆ ಮಾತ್ರೆ ಅಲರ್ಜಿ ಮಾತ್ರೆ ಸೇರಿ ಎಲ್ಲ ಸ್ಟ್ರಿಪ್ ತಗೊಂಡು ಹೋಗಿ, ಬೇರೆ ಜಾತಿಯ ಮಾತ್ರೆ ಆಗ್ತದಾ ಕೇಳಿ. ಬದುಕೇ ಬೇಡ ಅನ್ನಿಸ್ತಾ ಇದ್ರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.