ವಿಂಡೋಸ್ 10 ಇರುವ ಹಳೇ ಲ್ಯಾಪ್‌ಟಾಪ್ ಗುಜರಿಗೆ ಹಾಕೋ ಮೊದಲು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದೆ, ನಿಮ್ಮ ಲ್ಯಾಪ್‌ಟಾಪ್ ವಿಂಡೋಸ್ 11 ತಗೊಳ್ಳಲ್ಲ ಅಂತಿದ್ದರೆ 8 ಜಿಬಿಯ ಪೆನ್‌ಡ್ರೈವ್‌ಗೆ ರೂಫಸ್ ಅನ್ನೋ ತಂತ್ರಾಂಶ ಬಳಸಿ ಲಿನಕ್ಸ್ ಮಿಂಟ್ (ವಿಂಡೋಸ್ ಬದಲು ಓಡುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಹಾಕಿ, ಅದರಿಂದಲೇ ಶುರು ಮಾಡಿ ನೋಡಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಅದರಲ್ಲಿರುವ ಫೋಟೋಗಳನ್ನು ಮೊದಲೇ ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ. ಹಲವು ಕಂಪನಿಗಳ ಲ್ಯಾಪ್‌ಟಾಪಿನಲ್ಲಿ ಆನ್ ಮಾಡಿದ ತಕ್ಷಣ ಎಫ್12 ಒತ್ತಿದರೆ ಎಲ್ಲಿಂದ ಶುರುವಾಗಬೇಕು ಅಂತ ಕೇಳುತ್ತದೆ (ಎಚ್‌ಪಿಯಲ್ಲಿ ಸಾಮಾನ್ಯವಾಗಿ ಎಫ್9). ಮಿಂಟ್ ಪೂರ್ತಿ ಪೆನ್‌ಡ್ರೈವ್ ಮತ್ತು ರ‍್ಯಾಮ್‌ನಲ್ಲೇ ಓಡುವುದರಿಂದ ಒಳಗಿನ ಡಿಸ್ಕ್‌ನ ವಿಂಡೋಸ್ ಇದ್ದ ಹಾಗೇ ಇರುತ್ತದೆ. ಡೆಸ್ಕ್‌ಟಾಪ್ ಮೇಲಿನ ಇನ್‌ಸ್ಟಾಲ್ ಚಿತ್ರ ಮಾತ್ರ ಸುಮ್ನೆ ಒತ್ತಬೇಡಿ. ವೈಫೈ ಸಿಗುತ್ತಾ, ಸ್ಪೀಕರ್ ಮಾತಾಡುತ್ತಾ, ಪ್ರಿಂಟರ್ ಒಂದು ಹಾಳೆ ಹೊರಗೆ ಹಾಕುತ್ತಾ, ಮುಚ್ಚಳ ಮುಚ್ಚಿ ತೆರೆದರೆ ಏಳುತ್ತಾ, ಇಷ್ಟು ನೋಡಿಕೊಳ್ಳಿ. ಸ್ವಲ್ಪ ನಿಧಾನ ಅನಿಸಿದರೆ ಅದು ಹೆಚ್ಚಾಗಿ ಪೆನ್‌ಡ್ರೈವ್‌ನ ಗುಣ, ಲ್ಯಾಪ್‌ಟಾಪಿನದ್ದಲ್ಲ. ಕನ್ನಡ ಟೈಪ್ ಮಾಡೋಕೆ ನುಡಿ ತಂತ್ರಾಂಶದ ಕೆಜಿಪಿ ಕೀಲಿಮಣೆ ಕೈಗೆ ಅಭ್ಯಾಸವಾಗಿದ್ದರೆ ಅದೇ ವಿನ್ಯಾಸ ಇಲ್ಲೂ ಸಿಗುತ್ತದೆ. ಆದರೆ ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೇ ನುಡಿ, ಬರಹ ಫೈಲುಗಳು ಅಕ್ಷರ ಕೆಟ್ಟು ಕಾಣುತ್ತವೆ, ವಿಂಡೋಸ್‌ನಲ್ಲೇ ಯೂನಿಕೋಡ್‌ಗೆ ಬದಲಾಯಿಸಿಟ್ಟುಕೊಂಡರೆ ಒಳ್ಳೇದು. 32 ಬಿಟ್‌ನ ತೀರಾ ಹಳೇ ಯಂತ್ರದಲ್ಲಿ ಈಗಿನ ಮಿಂಟ್ ಓಡುವುದೇ ಇಲ್ಲ. ವಿಂಡೋಸ್‌ಗೆಂದೇ ಮಾಡಿದ ಟ್ಯಾಲಿಯಲ್ಲೇ ಲೆಕ್ಕ ಬರೆಯುವವರಿಗೂ ಈ ದಾರಿ ಬೇಡ. ಅವರು ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರ ತನಕ ತಳ್ಳಬಹುದು.