ಪಾಲಿಸಿಕ್ಸ್‌ಗೆ ಮೂರು ಪಿನ್: ಅರ್ತ್ ಕೊಟ್ಟರೂ ಹಮ್ ಇಲ್ಲ

ವಿರಾಜಪೇಟೆ ಕಡೆ ಕೀಬೋರ್ಡ್ ಬಿಚ್ಚುವವರದ್ದೆಲ್ಲ ಒಂದೇ ಮಾತು: "ಅಣ್ಣ, ಹಳೇ ಸಿಂಥ್‌ಗೆ ಅರ್ತ್ ಕೊಡ್ಬೇಡಿ, ಗುಂಯ್ ಅಂತ ಹಮ್ ಬರ್ತದೆ." ನಾನು ಕೊಟ್ಟೆ. ಒಂದು ಮಳೆಗಾಲ ಪೂರ್ತಿ ನುಡಿಸಿಯೂ ಆಯಿತು, ಹಮ್ ಇಲ್ಲ.

ನನ್ನದು ಕಾರ್ಗ್ ಕಂಪನಿಯ ಪಾಲಿಸಿಕ್ಸ್ ಸಿಂಥ್ (ಸದ್ದನ್ನು ಸರ್ಕ್ಯೂಟಿನಲ್ಲೇ ಹುಟ್ಟಿಸುವ ಕೀಬೋರ್ಡ್), 1981ರಲ್ಲಿ ಬಂದ ಮಾದರಿ, ಜಪಾನಿನ 100 ವೋಲ್ಟಿನದು. ಎರಡೇ ತಂತಿಯ ವೈರು, ನಡುವೆ ನಮ್ಮ ಕರೆಂಟನ್ನು 100 ವೋಲ್ಟಿಗೆ ಇಳಿಸುವ ಸ್ಟೆಪ್‌ಡೌನ್ ಡಬ್ಬಿ. ಜೂನ್ ಹಿಡಿದು ನೆಲ ಥಂಡಿಯಾದರೆ ತಗಡು ಮುಟ್ಟಿದ ಬೆರಳು ಜುಮ್ಮೆನ್ನುತ್ತಿತ್ತು. ತಗಡಿಗೂ ಅರ್ತ್‌ಗೂ ಮೀಟರ್ ಹಿಡಿದರೆ ಎಂಬತ್ತರ ಸುಮಾರು ವೋಲ್ಟ್. ಫೇಸ್, ನ್ಯೂಟ್ರಲ್ ಅದಲುಬದಲು ಮಾಡಿದರೆ ಮೂವತ್ತರ ಹತ್ತಿರ. ಡಬ್ಬಿಯಲ್ಲಿರುವುದು ಆಟೋಟ್ರಾನ್ಸ್‌ಫಾರ್ಮರ್, ಅಂದರೆ ಅದರ ಔಟ್‌ಪುಟ್ ಮನೆಯ ಕರೆಂಟಿನಿಂದ ಬೇರ್ಪಡುವುದಿಲ್ಲ, ಅದಕ್ಕೇ ಈ ಆಟ.

ಎರಡು ತಂತಿಯ ವೈರು ತೆಗೆದು ಮೂರು ಪಿನ್ ಮಾಡಲು ಹೊರಟೆ. ಕಂಪ್ಯೂಟರ್ ಕಾರ್ಡ್ ಹಾಕುವ ಸಾಕೆಟ್‌ಗೆ ಹಿಂದಿನ ತಗಡಿನಲ್ಲಿ ಸುಮಾರು 27ಕ್ಕೆ 20 ಮಿ.ಮೀ. ಕಿಂಡಿ ಬೇಕು. ಮೊದಲು ತಂದ ಅಗ್ಗದ ಸಾಕೆಟ್ ಸಾಲ್ಡರ್ ಬಿಸಿಗೇ ಮೆತ್ತಗಾಗಿ ಪಿನ್ ಅಲುಗಾಡಿತು. ಇನ್ನೊಂದರ ಕಿವಿ ಸ್ಕ್ರೂ ಬಿಗಿಯುವಾಗ ಸೀಳಿತು. ಕೊನೆಗೆ ಫ್ಯೂಸ್ ಇರುವುದನ್ನೇ ಮುನ್ನೂರು ಚಿಲ್ಲರೆ ಕೊಟ್ಟು ತರಿಸಿದೆ. ಅರ್ತ್‌ಗೆ ಬೇರೆಯದೇ ಸ್ಕ್ರೂ, ತಗಡು ಬೆಳ್ಳಗೆ ಕಾಣುವವರೆಗೆ ಪೇಂಟ್ ಕೆರೆದು ಲಗ್ (ತಂತಿ ತುದಿಯ ಬಳೆ), ಹಲ್ಲಿರುವ ಸ್ಟಾರ್ ವಾಷರ್. ಟ್ರಾನ್ಸ್‌ಫಾರ್ಮರ್ ಸ್ಕ್ರೂಗೇ ಕಟ್ಟುವವರಿದ್ದಾರೆ. ಅದರ ನಡುಕಕ್ಕೆ ಸ್ಕ್ರೂ ಸಡಿಲಾದರೆ ಅರ್ತ್ ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ತಗಡಿನ ಪುಡಿ ಒಂದು ಚೂರೂ ಬೋರ್ಡಿಗೆ ಬೀಳದ ಹಾಗೆ ಕೊರೆಯುವ ಉಪಾಯ ನನ್ನ ಹತ್ತಿರವೇ ಇರಲಿ.

ಇಷ್ಟಾದರೂ ಜುಮ್ಮೆನ್ನುವುದು ನಿಲ್ಲಲಿಲ್ಲ. ಸ್ಟೆಪ್‌ಡೌನ್ ಡಬ್ಬಿಯ ಔಟ್‌ಪುಟ್‌ಗೆ ಎರಡೇ ತೂತು, ಅರ್ತ್ ಅಲ್ಲೇ ಮುಗಿಯುತ್ತದೆ! ಅದನ್ನೂ ಬಿಚ್ಚಿ ಮೂರು ತೂತಿನದು ಕೂರಿಸಿ, ಅರ್ತ್ ತಂತಿ ನೇರ ಎಳೆದೆ. ಆಮೇಲೆ ಮನೆಯದ್ದೇ ಸರದಿ. ಹಳೇ ತೋಟದ ಮನೆ. ಅರ್ತ್ ಗುಂಡಿಯ ಪೈಪು ತುಕ್ಕು ಹಿಡಿದು ಕೈಯಲ್ಲೇ ಮುರಿಯಿತು. ಜಂಬಿಟ್ಟಿಗೆ ಕಲ್ಲು ಅಗೆಸಿ ಹೊಸ ಜಿಐ ಪೈಪು, ಇದ್ದಲು, ಉಪ್ಪು, ಆಳಿನ ಕೂಲಿ ಸೇರಿ ಐದಾರು ಸಾವಿರ ಹೋಯಿತು. ಸಿಂಥ್‌ಗಿಂತ ನೆಲಕ್ಕೇ ಹೆಚ್ಚು ಸುರಿದೆ ಅಂದರು ನೋಡಿದವರು. ಸುರಿದದ್ದು ಸರಿಯಾಗೇ ಇದೆ, ಈಗ ಮೀಟರ್‌ನಲ್ಲಿ ಸೊನ್ನೆ.

ಮಿಕ್ಸರ್‌ಗೆ ಜೋಡಿಸಿದಾಗ ಹಮ್ ಬಂತು, ನಿಜ. "ಹೇಳಿರ್ಲಿಲ್ವಾ?" ಅಂದರು, ಅರ್ತ್ ಬೇಡ ಅಂದಿದ್ದವರು. ಅದು ಅರ್ತ್‌ನ ತಪ್ಪಲ್ಲ. ಮಿಕ್ಸರ್‌ಗೂ ಅರ್ತ್ ಇದೆ, ಸಿಂಥ್‌ಗೂ ಇದೆ, ಆಡಿಯೋ ಕೇಬಲ್‌ನ ಶೀಲ್ಡ್, ಅಂದರೆ ತಂತಿ ಸುತ್ತಲಿನ ಲೋಹದ ಜಾಲರಿ, ಮೂರನೇ ದಾರಿಯಾಗಿ ಸುತ್ತು ಹಾಕುತ್ತದೆ, ಆ ಸುತ್ತಿನಿಂದಲೇ ಹಮ್. ಎರಡನ್ನೂ ಒಂದೇ ಪ್ಲಗ್ ಬೋರ್ಡಿಗೆ ಹಾಕಿದಾಗ ಅರ್ಧ ಇಳಿಯಿತು. ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಸಿಂಥ್‌ಗೂ ಮಿಕ್ಸರ್‌ಗೂ ನಡುವೆ ಹಾಕುವ ಪೆಟ್ಟಿಗೆ), ಎರಡು ಸಾವಿರದ ಒಳಗೇ ಸಿಕ್ಕಿತು, ಅದರಲ್ಲಿ ಶೀಲ್ಡ್ ಕಡಿಯುವ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿದೆ, ಪೂರ್ತಿ ಹೋಯಿತು. ಕಡಿಯಬೇಕಾದ್ದು ಆಡಿಯೋ ಕಡೆಯ ಶೀಲ್ಡ್. ಕರೆಂಟಿನ ಅರ್ತ್ ಪಿನ್ ಕಡಿದು ಹಮ್ ನಿಲ್ಲಿಸುವುದು ನುಡಿಸುವವನ ಜೀವದ ಜತೆ ಆಟ.

ಬಿಚ್ಚಿದ್ದೇ ಬಿಚ್ಚಿದ್ದು ಅಂತ ಕೆಎಲ್‌ಎಂ-367 ಬೋರ್ಡಿನಲ್ಲಿ ಪ್ಯಾಚ್‌ಗಳನ್ನು (ಉಳಿಸಿಟ್ಟ ಸದ್ದುಗಳನ್ನು) ಕಾಯುವ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯನ್ನೂ ಕಿತ್ತೆ. ಸೋರಿ ಸುತ್ತಲಿನ ಟ್ರ್ಯಾಕ್ ಹಸಿರಾಗಿತ್ತು. ಒರೆಸಲು ವಿನೆಗರ್, ಆಮೇಲೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್), ತಿಂದು ಹೋದ ಕಡೆ ಸಣ್ಣ ತಂತಿ. ಬದಲಿಗೆ ಲಿಥಿಯಂ ಸೆಲ್, ಅದಕ್ಕೆ ಚಾರ್ಜ್ ಹೋಗದ ಹಾಗೆ ಡಯೋಡ್. ಪ್ಯಾಚ್‌ಗಳು ಈಗ ನಿಲ್ಲುತ್ತವೆ.

ಈ ಕೆಲಸಕ್ಕೆ ಈಗ ಸಾಮಾನು ಬಿಟ್ಟು ಸಾವಿರದೈನೂರು ತೆಗೆದುಕೊಳ್ಳುತ್ತೇನೆ, ಆದರೆ ಮನೆಯ ಅರ್ತ್ ನೋಡದೆ ಕೀಬೋರ್ಡಿಗೆ ಕೈ ಹಾಕುವುದಿಲ್ಲ.