ಹೃದಯದ ಶಸ್ತ್ರಚಿಕಿತ್ಸೆಗೆ ಮುನ್ನ ಪ್ರೋಟಮಿನ್ ಅಲರ್ಜಿಯ ಬಗ್ಗೆ ಬರೆದಿಟ್ಟುಕೊಳ್ಳಬೇಕಾದ ವಿವರಗಳು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರು ಬೈಪಾಸ್ ಅಥವಾ ಕವಾಟದ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೋ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ ಹೊರಡುವಾಗ ಆಂಜಿಯೋಗ್ರಾಂ ಸಿ.ಡಿ., ಎಕೋ ವರದಿ, ರೇಷನ್ ಕಾರ್ಡುಗಳನ್ನು ಜೋಪಾನವಾಗಿ ತೆಗೆದಿಟ್ಟುಕೊಳ್ಳುತ್ತಾರೆ. ಆ ಫೈಲಿನಲ್ಲಿ ಇನ್ನೊಂದು ಹಾಳೆಯೂ ಇರಬೇಕು. ಪ್ರೋಟಮಿನ್ ಎಂಬ ಔಷಧಕ್ಕೆ ರೋಗಿಯ ದೇಹ ಹೇಗೆ ಪ್ರತಿಕ್ರಿಯಿಸಬಹುದು ಎಂದು ಅರಿವಳಿಕೆ ವೈದ್ಯರು ಅಂದಾಜು ಮಾಡಲು ಅದು ನೆರವಾಗುತ್ತದೆ.

ಹೃದಯ-ಶ್ವಾಸಕೋಶ ಯಂತ್ರದ ಕೊಳವೆಗಳಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಹೆಪಾರಿನ್ ಕೊಡುತ್ತಾರೆ. ರೋಗಿಯನ್ನು ಯಂತ್ರದಿಂದ ಬಿಡಿಸಿದ ಮೇಲೆ, ರಕ್ತಸ್ರಾವ ನಿಲ್ಲುವಂತೆ, ಹೆಪಾರಿನ್‌ನ ಪ್ರಭಾವವನ್ನು ಪ್ರೋಟಮಿನ್ ಕೊಟ್ಟು ಇಳಿಸುತ್ತಾರೆ. ಸಾಮಾನ್ಯವಾಗಿ 100 ಯೂನಿಟ್ ಹೆಪಾರಿನ್‌ಗೆ ಸುಮಾರು 1 ಮಿಲಿಗ್ರಾಂ ಎಂಬುದು ಲೆಕ್ಕ. ಈ ಪ್ರೋಟಮಿನ್ ಸಾಲ್ಮನ್ ಮೀನಿನ ವೀರ್ಯದಿಂದ ತೆಗೆದ ಪ್ರೋಟೀನು. 1874ರಲ್ಲಿ ಫ್ರೀಡ್ರಿಶ್ ಮೀಶರ್ ಅದನ್ನು ಮೊದಲು ಬೇರ್ಪಡಿಸಿದರು. ಹೊರಗಿನ ಪ್ರೋಟೀನು ಆದುದರಿಂದ ಕೆಲವರ ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ಬೆಳೆಸಿಕೊಂಡಿರುತ್ತದೆ. ಅಂಥವರಿಗೆ ಔಷಧ ರಕ್ತಕ್ಕೆ ಸೇರುತ್ತಿದ್ದಂತೆ ರಕ್ತದೊತ್ತಡ ಕುಸಿಯಬಹುದು, ಶ್ವಾಸನಾಳಗಳು ಬಿಗಿಯಬಹುದು, ಅಪರೂಪಕ್ಕೆ ಶ್ವಾಸಕೋಶದ ರಕ್ತನಾಳಗಳು ಸಂಕುಚಿಸಿ ಹೃದಯದ ಬಲಭಾಗ ಸೋತುಹೋಗಬಹುದು. ರೋಗಿಗೆ ಆಗ ಎಚ್ಚರವಿರುವುದಿಲ್ಲ. ತನಗೆ ಏನಾಗುತ್ತಿದೆಯೆಂದು ಹೇಳುವ ಸ್ಥಿತಿಯಲ್ಲಿ ಆತ ಇರುವುದಿಲ್ಲ. ಆದ್ದರಿಂದ ಹೇಳಬೇಕಾದುದನ್ನು ಮನೆಯವರು ಮೊದಲೇ ಹೇಳಿರಬೇಕು.

ಹಾಳೆಯಲ್ಲಿ ಮೊದಲು ಬರೆಯಬೇಕಾದದ್ದು ಇನ್ಸುಲಿನ್. ನಮ್ಮ ಕಡೆ ಸಕ್ಕರೆ ಕಾಯಿಲೆಯ ಬಹಳ ಜನ 30/70 ಎಂದು ಬರೆದಿರುವ, ಹಾಲಿನಂತೆ ಬೆಳ್ಳಗಿರುವ, ಚುಚ್ಚುವ ಮುನ್ನ ಅಂಗೈಯಲ್ಲಿ ಹೊರಳಿಸಬೇಕಾದ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಅದು ನಿಧಾನವಾಗಿ ಕೆಲಸ ಮಾಡಲೆಂದು ಅದರಲ್ಲಿ ಪ್ರೋಟಮಿನ್ ಸೇರಿಸಿರುತ್ತಾರೆ. ವರ್ಷಗಟ್ಟಲೆ ಅದನ್ನು ಚುಚ್ಚಿಕೊಂಡವರಲ್ಲಿ ಪ್ರತಿಕಾಯಗಳಿರುವ ಸಾಧ್ಯತೆ ಹೆಚ್ಚು. ತಿಳಿಯಾಗಿರುವ ಗ್ಲಾರ್ಜಿನ್‌ನಲ್ಲಿ ಪ್ರೋಟಮಿನ್ ಇಲ್ಲ. "ನಾವು ಮೀನು ತಿನ್ನುವವರಲ್ಲ, ಇದು ನಮಗೆ ಸಂಬಂಧಿಸಿದ್ದಲ್ಲ" ಎಂದು ಸಸ್ಯಾಹಾರಿ ಮನೆಗಳವರು ಭಾವಿಸಬಾರದೆಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಇನ್ಸುಲಿನ್ ಬಾಟಲಿಯ ಖಾಲಿ ಪೆಟ್ಟಿಗೆಯನ್ನೇ ತೆಗೆದುಕೊಂಡು ಹೋಗುವುದು ಎಲ್ಲಕ್ಕಿಂತ ಉತ್ತಮ. ಆದರೆ ಈ ಹೆದರಿಕೆಯಿಂದ ಇನ್ಸುಲಿನ್ ನಿಲ್ಲಿಸುವುದಾಗಲಿ ಬದಲಿಸುವುದಾಗಲಿ ಕೂಡದು. ಅದು ವೈದ್ಯರ ತೀರ್ಮಾನ.

ಮೀನಿನ ವಿಷಯದಲ್ಲಿ ಸ್ಪಷ್ಟತೆ ಬೇಕು. ಬಂಗಡೆ, ಭೂತಾಯಿ ಅಥವಾ ಹೊಳೆಮೀನು ತಿಂದು ಮೈಮೇಲೆ ದದ್ದು ಎದ್ದಿತ್ತೇ, ತುಟಿ ಊದಿತ್ತೇ, ಉಸಿರು ಕಟ್ಟಿತ್ತೇ ಎಂದು ನೆನಪಿಸಿಕೊಂಡು ಬರೆಯಿರಿ. ಮಳೆಗಾಲದಲ್ಲಿ ಗದ್ದೆಯ ಏಡಿ ತಿಂದು ಕಡಿತ ಬಂದಿದ್ದರೆ, ಅಥವಾ ಸಿಗಡಿ ಆಗದಿದ್ದರೆ, ಅದನ್ನು ಬೇರೆಯಾಗಿ ಬರೆಯಿರಿ. ಏಕೆಂದರೆ ಚಿಪ್ಪಿನ ಪ್ರಾಣಿಗಳ ಅಲರ್ಜಿಯೂ ಮೀನಿನ ಅಲರ್ಜಿಯೂ ಒಂದೇ ಅಲ್ಲ.

ಹೇಳಲು ಹಿರಿಯರು ಸಂಕೋಚಪಡುವ ಸಂಗತಿಯೊಂದಿದೆ. ಗಂಡಸರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದ್ದರೆ, ಕೆಲವರ ದೇಹದಲ್ಲಿ ವೀರ್ಯದ ಪ್ರೋಟೀನುಗಳ ವಿರುದ್ಧ ಪ್ರತಿಕಾಯಗಳು ಹುಟ್ಟುತ್ತವೆ. 1975–77ರ ತುರ್ತು ಪರಿಸ್ಥಿತಿಯ ಕಾಲದಲ್ಲಿ ಈ ಶಸ್ತ್ರಚಿಕಿತ್ಸೆಗೆ ಒಳಗಾದವರು ಈಗ ಎಪ್ಪತ್ತು ದಾಟಿದವರು, ಹೃದಯದ ಕಾಯಿಲೆ ಕಾಣಿಸುವ ವಯಸ್ಸಿನವರು. ಮಕ್ಕಳಿಗೆ ಇದು ಗೊತ್ತಿರಲಾರದು. ಅಪ್ಪನನ್ನು ಕೇಳಲು ಮುಜುಗರವಾದರೆ ಅಮ್ಮನನ್ನು ಕೇಳಿ.

ಹಿಂದೆ ಹೃದಯದ ಶಸ್ತ್ರಚಿಕಿತ್ಸೆ ಆಗಿದ್ದರೆ ಅದರ ಡಿಸ್ಚಾರ್ಜ್ ಸಾರಾಂಶವನ್ನೂ ಜೊತೆಗಿಡಿ.

ಈ ಹಾಳೆಯನ್ನು ಶಸ್ತ್ರಚಿಕಿತ್ಸೆಗೆ ಮುನ್ನ ತಪಾಸಣೆಗೆ ಬರುವ ಅರಿವಳಿಕೆ ವೈದ್ಯರ ಕೈಗೇ ಕೊಡಿ. ಇದರಲ್ಲಿ ಯಾವುದೇ ಅಂಶವಿದ್ದರೂ ಶಸ್ತ್ರಚಿಕಿತ್ಸೆ ನಿಲ್ಲಬೇಕೆಂದಿಲ್ಲ. ಇಂಥವರಲ್ಲಿ ಹೆಚ್ಚಿನವರು ಪ್ರೋಟಮಿನ್ ಅನ್ನು ತೊಂದರೆಯಿಲ್ಲದೆ ತಾಳಿಕೊಳ್ಳುತ್ತಾರೆ. ಚರ್ಮದ ಪರೀಕ್ಷೆಯನ್ನು ಪೂರ್ತಿ ನಂಬುವಂತಿಲ್ಲ. ಆದರೆ ಮೊದಲೇ ತಿಳಿದಿದ್ದರೆ ವೈದ್ಯರು ಔಷಧವನ್ನು ಇನ್ನಷ್ಟು ನಿಧಾನವಾಗಿ ಹರಿಸುತ್ತಾರೆ, ಅಡ್ರಿನಲಿನ್ ಸಿದ್ಧವಾಗಿಡುತ್ತಾರೆ, ಅಗತ್ಯ ಬಿದ್ದರೆ ಮತ್ತೆ ಹೆಪಾರಿನ್ ಕೊಟ್ಟು ಯಂತ್ರಕ್ಕೆ ಜೋಡಿಸಲು ಅಣಿಯಾಗಿರುತ್ತಾರೆ. ಪ್ರತಿಕ್ರಿಯೆ ನಿಜವಾಗಿಯೂ ಆದರೆ, ಪ್ರೋಟಮಿನ್ ಎಂಬ ಹೆಸರನ್ನು ಡಿಸ್ಚಾರ್ಜ್ ಸಾರಾಂಶದಲ್ಲಿ ಬರೆಸಿಕೊಂಡು, ಊರಿಗೆ ಮರಳಿದ ಮೇಲೆ ಶಿವಮೊಗ್ಗದಲ್ಲಿ ನಿಮ್ಮ ಇನ್ಸುಲಿನ್ ನೋಡಿಕೊಳ್ಳುವ ವೈದ್ಯರಿಗೆ ಅದರ ಪ್ರತಿಯನ್ನು ತಲುಪಿಸಿ.